ಕ್ಯಾನ್ಸರ್ ಅಲ್ಲದ ಗಡ್ಡೆಗೆ ಕಿರಣವೇಕೆ?

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ವೇದಿಕೆಯಲ್ಲಿ ನಿಂತು ವೈದ್ಯಶಾಸ್ತ್ರವನ್ನು ಕುರಿತು ಮಾತಾಡುವ ಯೋಗ್ಯತೆ ನಮಗಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ನಾವು ಕಲಿತದ್ದು ಬಿ.ಕಾಂ.; ಹೊಟ್ಟೆಗಾಗಿ ಮಾಡುವುದು ಬ್ಯಾಂಕಿನ ಕಾರಕೂನಿಕೆ. ಆದರೆ ಕಳೆದ ನಾಲ್ಕು ವರ್ಷಗಳಲ್ಲಿ ನಮ್ಮ ಮನೆಯ ಒಂದು ಪ್ರಸಂಗದ ನಿಮಿತ್ತವಾಗಿ ಈ ವಿಷಯದ ಹೊಸ್ತಿಲಲ್ಲಿ ಬಹಳ ದಿನ ಕೂಡಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ವೈದ್ಯರನ್ನು ಕೇಳಿ ಕೇಳಿ ಬೇಸರಪಡಿಸಿ ತಿಳಿದುಕೊಂಡದ್ದನ್ನು ನಾಲ್ಕು ಜನರ ಮುಂದೆ ಹೇಳಿರೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ತಪ್ಪಿದ್ದಲ್ಲಿ ಸಭೆಯಲ್ಲಿರುವ ವೈದ್ಯಬಂಧುಗಳು ತಿದ್ದಬೇಕು.

ಪುಣೆಯಲ್ಲಿ ಬಿಡಾರ ಹೂಡಿದ ಕನ್ನಡಿಗನ ಮನೆಯೆಂದರೆ ಊರ ಕಡೆಯವರ ಧರ್ಮಶಾಲೆ ಎಂಬುದು ತಮಗೆಲ್ಲ ಗೊತ್ತಿದ್ದ ಮಾತು. ಊರಿನಿಂದ ಬರುವವರು ಬಹುಮಟ್ಟಿಗೆ ಎರಡೇ ಕೆಲಸಕ್ಕೆ ಬರುತ್ತಾರೆ: ನೌಕರಿ ಹುಡುಕುವುದಕ್ಕೆ, ಇಲ್ಲವೆ ಆಸ್ಪತ್ರೆಗೆ. ನಮ್ಮ ಅಕ್ಕನ ಮನೆ ವಿಜಯಪುರ ಜಿಲ್ಲೆಯ ಇಂಡಿಯ ಹತ್ತಿರ. ಭಾವನವರದು ಲಿಂಬೆಯ ತೋಟ. ಅವರ ಹಿರಿಯ ಮಗನಿಗೆ 2021ರ ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಸೋರತೊಡಗಿತು. ಹುಡುಗನಿಗೆ ಆಗ ಹದಿನಾಲ್ಕು. ಬಿಸಿಲುನಾಡಿನಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. "ಉಷ್ಣ ಆಗೇತಿ" ಎಂದು ಅಕ್ಕ ನೆತ್ತಿಗೆ ತಣ್ಣೀರು ಬಡಿದಳು, ಉಳ್ಳಾಗಡ್ಡಿ ಮೂಸಿಸಿದಳು, ಗರಿಕೆಯ ರಸ ಹಿಂಡಿ ಬಿಟ್ಟಳು. ರಕ್ತ ನಿಲ್ಲುತ್ತಿತ್ತು, ವಾರಕ್ಕೆ ಮತ್ತೆ ಬರುತ್ತಿತ್ತು. ಮಳೆಗಾಲ ಬಂದರೂ ಉಷ್ಣ ಇಳಿಯಲಿಲ್ಲ. ಎಡಗಡೆಯ ಹೊಳ್ಳೆ ಪೂರ್ತಿ ಕಟ್ಟಿಕೊಂಡು, ಹುಡುಗ ಬಾಯಿತೆರೆದು ಮಲಗುವುದು, ಮೂಗಿನಲ್ಲಿ ಮಾತಾಡುವುದು ಶುರುವಾಯಿತು.

ಹತ್ತಿರದ ಪಟ್ಟಣದ ಒಬ್ಬ ವೈದ್ಯರು ನೋಡಿ, ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ, ಚೂರು ತೆಗೆದು ಪರೀಕ್ಷೆಗೆ ಕಳಿಸೋಣವೆಂದು ಕುರ್ಚಿಯ ಮೇಲೆ ಕೂರಿಸಿ ಇಕ್ಕಳ ಹಾಕಿದರು. ಅವರ ಹೆಸರು ಇಲ್ಲಿ ಬೇಡ. ಒಳ್ಳೆಯ ಮನುಷ್ಯರೇ, ಆಮೇಲೆ ಅವರೇ ಜೀಪಿನಲ್ಲಿ ಹುಡುಗನೊಡನೆ ಸೋಲಾಪುರದವರೆಗೆ ಬಂದರು. ಇಕ್ಕಳ ತಾಗಿದ್ದೇ ತಡ, ನಳ ಬಿಚ್ಚಿದಂತೆ ರಕ್ತ ಬಂತಂತೆ. ಮೂಗಿಗೆ ಹಿಂದೆ ಮುಂದೆ ಪಟ್ಟಿ ತುರುಕಿ, ಸೋಲಾಪುರದಲ್ಲಿ ಎರಡು ಬಾಟಲಿ ರಕ್ತ ಏರಿಸಿ ಹುಡುಗನನ್ನು ಉಳಿಸಿದರು. ಎಂಟು ದಿನಗಳ ಮೇಲೆ, ಬೆಳಗಿನ ಹುತಾತ್ಮಾ ಗಾಡಿಯಲ್ಲಿ ಭಾವ ಅವನನ್ನು ಕರಕೊಂಡು ಪುಣೆ ಸ್ಟೇಶನ್ನಿನಲ್ಲಿ ಇಳಿದಾಗ ನಾವು ಗುರುತು ಹಿಡಿಯಲಿಲ್ಲ. ಮುಖ ಸುಣ್ಣದ ಗೋಡೆಯಂತೆ ಬಿಳಿಚಿತ್ತು.

ಇಲ್ಲಿಯ ಕಿವಿ-ಮೂಗು-ಗಂಟಲಿನ ವೈದ್ಯರು ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರ ತೆಗೆಸಿದರು, ಆದರೆ ಚೂರು ಕತ್ತರಿಸುವ ಮಾತು ಎತ್ತಲೇ ಇಲ್ಲ. ಚಿತ್ರದಲ್ಲಿಯೇ ರೋಗ ತನ್ನ ಹೆಸರು ಬರೆದುಕೊಂಡಿತ್ತು: ಜುವೆನೈಲ್ ಆಂಜಿಯೋಫೈಬ್ರೋಮಾ. ತಮ್ಮಲ್ಲಿ ಹರೆಯದ ಗಂಡುಮಕ್ಕಳಿರುವವರು ಈ ಹೆಸರನ್ನಲ್ಲದಿದ್ದರೂ ಇದರ ಲಕ್ಷಣವನ್ನಾದರೂ ನೆನಪಿಡಬೇಕೆಂದು ಬೇಡುತ್ತೇವೆ. ಇದು ಹೆಚ್ಚುಕಡಿಮೆ ಹತ್ತರಿಂದ ಇಪ್ಪತ್ತು ವರ್ಷದ ಗಂಡುಹುಡುಗರಿಗೇ ಬರುವ ಗಡ್ಡೆ. ಒಂದೇ ಹೊಳ್ಳೆ ಕಟ್ಟುವುದು, ಗಾಯವಿಲ್ಲದೆ ಮೇಲಿಂದ ಮೇಲೆ ರಕ್ತ ಸೋರುವುದು, ಇವೆರಡು ಕೂಡಿ ಬಂದರೆ ಉಷ್ಣವೆಂದು ಸುಮ್ಮನೆ ಕೂಡಬಾರದು. ಚಿತ್ರ ತೆಗೆಸುವ ಮೊದಲು ಯಾರ ಇಕ್ಕಳಕ್ಕೂ ಮೂಗು ಒಡ್ಡಬಾರದು.

ಅಷ್ಟು ರಕ್ತ ಏಕೆ ಬರುತ್ತದೆ? ವೈದ್ಯರು ನಮಗೆ ಹೀಗೆ ತಿಳಿಸಿದರು. ನಮ್ಮ ರಕ್ತನಾಳಗಳ ಗೋಡೆಯಲ್ಲಿ ಸ್ನಾಯುವಿನ ಪದರವೊಂದಿರುತ್ತದೆ. ಗಾಯವಾದಾಗ ನಾಳ ತಾನಾಗಿಯೇ ಮುದುಡಿಕೊಂಡು ಬಾಯಿ ಮುಚ್ಚುತ್ತದೆ. ಈ ಗಡ್ಡೆಯ ನಾಳಗಳಿಗೆ ಆ ಪದರವೇ ಸರಿಯಾಗಿ ಇಲ್ಲ. ಕತ್ತರಿಸಿದರೆ ಬಾಯಿ ತೆರೆದುಕೊಂಡೇ ಇರುತ್ತವೆ. ಮೂಗಿನ ಹಿಂಭಾಗದಲ್ಲಿ ಒಂದು ಸಣ್ಣ ರಂಧ್ರದ ಬಳಿ ಹುಟ್ಟುವ ಈ ಗಡ್ಡೆ ಅಲ್ಲಿಂದ ಮುಂದೆ ಮೂಗಿಗೆ, ಪಕ್ಕಕ್ಕೆ ಕೆನ್ನೆಯ ಒಳಗೆ, ಮುಖದ ಎಲುಬುಗಳ ನಡುವಿನ ಗಾಳಿಯ ಗೂಡುಗಳಿಗೆ (ಅವನ್ನೇ ಸೈನಸ್ ಎನ್ನುತ್ತಾರೆ), ಮೇಲಕ್ಕೆ ಕಣ್ಣಿನ ಗುಳಿಗೆ, ಕೆಲವೊಮ್ಮೆ ತಲೆಬುರುಡೆಯ ತಳಕ್ಕೂ ಕೈಚಾಚುತ್ತದೆ. ಇದು ಎಲುಬನ್ನು ಕ್ಯಾನ್ಸರಿನಂತೆ ತಿಂದು ಮೈಯೆಲ್ಲ ಹರಡುವುದಿಲ್ಲ. ಒತ್ತಿ ಒತ್ತಿ ಜಾಗ ಮಾಡಿಕೊಳ್ಳುತ್ತದೆ. ಒತ್ತುವ ಜಾಗದಲ್ಲಿ ಕಣ್ಣಿನ ನರವಿದ್ದರೆ ಕಣ್ಣು ಹೋಗುತ್ತದೆ.

ವರದಿಯಲ್ಲಿ 'ಬಿನೈನ್' ಎಂಬ ಶಬ್ದವಿತ್ತು. ಅದರ ಅರ್ಥ ಕ್ಯಾನ್ಸರ್ ಅಲ್ಲವೆಂದು ನಾವೇ ಓದಿ ಹೇಳಿದೆವು. ಭಾವ ಅಂದೇ ಊರಿಗೆ ಫೋನು ಮಾಡಿದರು. ಅಕ್ಕ ಹನುಮಂತದೇವರಿಗೆ ಎಲೆಪೂಜೆ ಮಾಡಿಸಿದಳು. ಈ 'ಬಿನೈನ್' ಎಂಬ ಶಬ್ದವನ್ನು ಸಾಧು, ಸೌಮ್ಯ, ನಿರುಪದ್ರವಿ ಎಂದೆಲ್ಲ ಕನ್ನಡಿಸುತ್ತಾರೆ. ನಮ್ಮ ಅನುಭವದಲ್ಲಿ ಈ ಕನ್ನಡ ಶಬ್ದಗಳು ಮೋಸ ಮಾಡುತ್ತವೆ. ಸಾಧುವಾದ ಎತ್ತು ಬಾವಿಯ ದಾರಿಯಲ್ಲಿ ಅಡ್ಡ ಮಲಗಿದರೂ ದಾರಿ ಕಟ್ಟಿದ್ದು ಕಟ್ಟಿದ್ದೇ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮೂಗಿನಲ್ಲಿ ಬೆಳೆದುದೆಲ್ಲ ಇದಲ್ಲ. ಅಲರ್ಜಿಯಿಂದ ಬರುವ ಸಾಮಾನ್ಯ ದುರ್ಮಾಂಸ, ಅಂದರೆ ಪಾಲಿಪ್, ಎರಡೂ ಹೊಳ್ಳೆಗಳಲ್ಲಿ ದ್ರಾಕ್ಷಿಯಂತೆ ಜೋತುಬೀಳುತ್ತದೆ. ಅದಕ್ಕೆ ಮೂಗಿಗೆ ಹೊಡೆಯುವ ಔಷಧ, ಬೇಕಾದರೆ ಶಸ್ತ್ರಕ್ರಿಯೆ ಸಾಕು. ಕೆರೆ-ಹೊಂಡಗಳ ನಿಂತ ನೀರಿನಲ್ಲಿ ಮೀಯುವವರಿಗೆ ನಮ್ಮ ದಕ್ಷಿಣದ ಕಡೆ ರೈನೋಸ್ಪೊರಿಡಿಯೋಸಿಸ್ ಎಂಬುದೊಂದು ಬರುತ್ತದೆ. ಅದೂ ಕೆಂಪಗಿದ್ದು ರಕ್ತ ಸೋರುತ್ತದೆ, ಆದರೆ ಅದು ಗಡ್ಡೆಯಲ್ಲ, ಸೂಕ್ಷ್ಮಜೀವಿಯ ಕಾಟ. ಹಣೆಯ ಸೈನಸ್ಸಿನಲ್ಲಿ ಎಲುಬೇ ಗಂಟಾಗಿ ಬೆಳೆಯುವ ಆಸ್ಟಿಯೋಮಾ ಉಂಟು. ಇವು ಯಾವುದಕ್ಕೂ ಕಿರಣ ಚಿಕಿತ್ಸೆ ಬೇಡ. ಐವತ್ತರ ಆಚೆಯವರಲ್ಲಿ, ಅದರಲ್ಲಿಯೂ ಗಂಡಸರಲ್ಲಿ ಹೆಚ್ಚಾಗಿ, ಒಂದೇ ಪಕ್ಕದಲ್ಲಿ ಬರುವ 'ಇನ್ವರ್ಟೆಡ್ ಪ್ಯಾಪಿಲೋಮಾ' ಎಂಬುದು ಬೇರೆ ಜಾತಿ. ಅದೂ ಬಿನೈನ್ ಗಡ್ಡೆಯೇ. ಆದರೆ ತೆಗೆದಷ್ಟು ಮತ್ತೆ ಬರುವ ಹಟ ಅದಕ್ಕೆ, ಹತ್ತರಲ್ಲಿ ಒಂದರಷ್ಟು ಜನರಲ್ಲಿ ಅದರೊಳಗೆ ಕ್ಯಾನ್ಸರ್ ಅಡಗಿರುತ್ತದೆ. ಅದಕ್ಕೂ ಮೊದಲ ಮದ್ದು ಶಸ್ತ್ರಕ್ರಿಯೆ. ಕ್ಯಾನ್ಸರ್ ಕೂಡಿದ್ದರೆ, ಅಥವಾ ಪೂರ್ತಿ ತೆಗೆಯಲು ಬಾರದಿದ್ದರೆ ಮಾತ್ರ ಕಿರಣ.

ನಮ್ಮ ಹುಡುಗನಿಗೂ ಮೊದಲು ಶಸ್ತ್ರಕ್ರಿಯೆಯೇ ಆಯಿತು, 2022ರ ಜನವರಿಯಲ್ಲಿ. ಅದಕ್ಕೂ ಹಿಂದಿನ ದಿನ ತೊಡೆಯ ಮೂಲದ ರಕ್ತನಾಳದಿಂದ ಕೂದಲೆಳೆಯಂಥ ಕೊಳವೆಯನ್ನು ಮುಖದವರೆಗೆ ಏರಿಸಿ, ಗಡ್ಡೆಗೆ ನೀರುಣಿಸುವ ಕಾಲುವೆಗಳಿಗೆ ಸಣ್ಣ ಹರಳುಗಳನ್ನು ತುಂಬಿ ಬಂದುಮಾಡಿದರು. ತೋಟದವರಾದ ಭಾವನವರಿಗೆ ಇದು ತಕ್ಷಣ ತಿಳಿಯಿತು. "ಹೊಲಕ್ಕ ನೀರ ಹೋಗೂ ಕಾಲುವಿ ಮೊದಲ ಕಟ್ಟಿ, ಆಮ್ಯಾಲ ಕಳೆ ಕೀಳ್ತಾರ" ಎಂದರು. ಮರುದಿನ ಮೂಗಿನ ಒಳಗಿನಿಂದಲೇ ದುರ್ಬೀನು ಹಾಕಿ ಆರು ತಾಸು ಶಸ್ತ್ರಕ್ರಿಯೆ ನಡೆಯಿತು. ಹಿಂದಿನ ಕಾಲದಲ್ಲಿ ಇಂಥದಕ್ಕೆ ಮುಖವನ್ನೇ ಸೀಳುತ್ತಿದ್ದರಂತೆ. ಈಗ ಮುಖದ ಮೇಲೆ ಗೀರೂ ಇಲ್ಲ. ಹೊರಗೆ ಬಂದ ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಗಡ್ಡೆಯ ಬಹುಭಾಗ ಬಂದಿದೆ; ಬುರುಡೆಯ ತಳದಲ್ಲಿ, ಮೆದುಳಿಗೆ ಹೋಗುವ ದೊಡ್ಡ ರಕ್ತನಾಳಕ್ಕೂ ಕಣ್ಣಿನ ನರಕ್ಕೂ ಅಂಟಿದ ಒಂದು ತುಣುಕನ್ನು ಬಿಟ್ಟಿದ್ದೇವೆ; ಅದನ್ನು ಎಳೆದರೆ ಹುಡುಗ ಮೇಜಿನ ಮೇಲೆಯೇ ಹೋಗಬಹುದಿತ್ತು ಎಂದರು. ಉಳಿದ ತುಣುಕು ಬೆಳೆಯಲೇಬೇಕೆಂದಿಲ್ಲ, ವಯಸ್ಸು ತುಂಬಿದಂತೆ ಕೆಲವರಲ್ಲಿ ತಾನಾಗಿ ಕುಗ್ಗುವುದೂ ಉಂಟು, ಕಾದು ನೋಡೋಣ ಎಂದರು.

ಕಾದೆವು. ಆರು ತಿಂಗಳ ಚಿತ್ರದಲ್ಲಿ ತುಣುಕು ಇದ್ದಷ್ಟೇ ಇತ್ತು. 2023ರ ಫೆಬ್ರುವರಿಯ ಚಿತ್ರದಲ್ಲಿ ದೊಡ್ಡದಾಗಿತ್ತು. ಕಣ್ಣಿನ ವೈದ್ಯರು ಎಡಗಣ್ಣಿನ ನೋಟದ ಅಂಚು ಸ್ವಲ್ಪ ಕಡಿಮೆಯಾಗಿದೆಯೆಂದರು. ಆಗ ಮೊದಲ ಸಲ ವೈದ್ಯರ ಬಾಯಲ್ಲಿ ರೇಡಿಯೇಷನ್ ಎಂಬ ಮಾತು ಬಂತು.

ಆ ರಾತ್ರಿ ನಮ್ಮ ಮನೆಯಲ್ಲಿ ಊಟವಾಗಲಿಲ್ಲ. ನಮ್ಮ ಕಡೆ ಇದಕ್ಕೆ 'ಕರೆಂಟ್ ಕೊಡೂದು' ಎನ್ನುತ್ತಾರೆ. ಇಲ್ಲಿ ನೆರೆಯ ಮರಾಠಿಯವರು 'ಶೇಕ್' ಎನ್ನುತ್ತಾರೆ, ಹಿಂದಿಯವರು 'ಸಿಕಾಯಿ' ಎನ್ನುತ್ತಾರೆ. ಮೂರೂ ಹೆಸರುಗಳೂ ಸುಡುವುದನ್ನೇ ಸೂಚಿಸುತ್ತವೆ, ಮೂರನ್ನೂ ಕೇಳಿದವರು ಮನಸ್ಸಿನಲ್ಲಿ ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಭಾವ ನಮ್ಮನ್ನು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: "ಕ್ಯಾನ್ಸರ್ ಅಲ್ಲ ಅಂತ ನೀನ ಓದಿ ಹೇಳ್ದಿ. ಮತ್ತ ನನ್ನ ಮಗಗ ಕರೆಂಟ್ ಯಾಕ ಕೊಡ್ತಾರ? ನನ್ನ ಮುಂದ ಏನರ ಮುಚ್ಚಿಟ್ಟೀಯೇನು?"

ನಾವು ಏನೂ ಮುಚ್ಚಿಟ್ಟಿರಲಿಲ್ಲ. ಆದರೆ ಉತ್ತರವೂ ನಮ್ಮಲ್ಲಿರಲಿಲ್ಲ. ಬ್ಯಾಂಕಿಗೆ ನಾಲ್ಕು ದಿನ ರಜೆ ಹಾಕಿ ಮೂವರು ವೈದ್ಯರ ಬಳಿ ಹೋಗಿ ಕುಳಿತೆವು. ಅವರಿಂದ ತಿಳಿದ ಸಂಗತಿ ನಮ್ಮ ಊಹೆಗಿಂತ ಬೇರೆಯೇ ಆಗಿತ್ತು. ವೈದ್ಯರು ಕೂಡ ಈ ಕಿರಣಕ್ಕೆ ಅಂಜುತ್ತಾರೆ; ಅಂಜುವುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ.

ರಾಂಟ್‌ಗೆನ್ ಪಂಡಿತರು ಕ್ಷ-ಕಿರಣವನ್ನು ಕಂಡದ್ದು 1895ರಲ್ಲಿ. ಕ್ಯೂರಿ ದಂಪತಿಗಳು ರೇಡಿಯಮ್ ಕಂಡದ್ದು 1898ರಲ್ಲಿ. ಹೊಸ ಔಷಧ ಸಿಕ್ಕಿತೆಂದು ಜಗತ್ತು ಹಿಗ್ಗಿತು. ಕ್ಯಾನ್ಸರಿಗೆ ಕೊಟ್ಟದ್ದು ಸರಿಯೇ. ಆದರೆ ಹಿಗ್ಗು ಅಲ್ಲಿಗೆ ನಿಲ್ಲದೆ ಗಜಕರ್ಣಕ್ಕೂ ಮೊಡವೆಗೂ ಕಿರಣ ಕೊಟ್ಟರು. ಮೂಗಿನ ಸಂಬಂಧವಾಗಿ ನಡೆದದ್ದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್‌ನ ಕಥೆ. ಅಲ್ಲಿಯ ಸ್ಯಾಮ್ಯುಯೆಲ್ ಕ್ರೋ ಎಂಬ ವೈದ್ಯರು, ಮಕ್ಕಳ ಮೂಗಿನ ಹಿಂದೆ ಅಡಿನಾಯ್ಡ್ ಊದಿಕೊಂಡು ಕಿವಿ ಮಂದವಾಗುವುದನ್ನು ತಡೆಯಲು ಒಂದು ಉಪಾಯ ಹೂಡಿದರು. ಕಡ್ಡಿಯ ತುದಿಗೆ 50 ಮಿಲಿಗ್ರಾಂ ರೇಡಿಯಮ್ ಕೂಡಿಸಿ, ಹೊಳ್ಳೆಯೊಳಗಿನಿಂದ ಹಿಂದಕ್ಕೆ ತೂರಿಸಿ, ಹತ್ತು ನಿಮಿಷದಷ್ಟು ಇಟ್ಟು ತೆಗೆಯುವುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದವರಿಗೂ ಜಲಾಂತರ್ಗಾಮಿಯ ನಾವಿಕರಿಗೂ ಇದನ್ನು ಮಾಡಿದರು; 1960ರ ದಶಕದವರೆಗೂ ಲಕ್ಷಾಂತರ ಮಕ್ಕಳಿಗೆ ಮಾಡಿದರು. ನೋವಿಲ್ಲ, ರಕ್ತವಿಲ್ಲ, ಕೂಡಲೇ ಗುಣ! ಆ ಮಕ್ಕಳು ದೊಡ್ಡವರಾದ ಮೇಲೆ ಬೆನ್ನುಹತ್ತಿ ನೋಡಿದ ಕೆಲವು ಅಧ್ಯಯನಗಳಲ್ಲಿ ಥೈರಾಯ್ಡಿನ ಹಾಗೂ ತಲೆಯೊಳಗಿನ ಗಡ್ಡೆಗಳು ತುಸು ಹೆಚ್ಚಾಗಿ ಕಂಡವು. ಇಸ್ರೇಲ್ ದೇಶದಲ್ಲಿ ತಲೆಯ ಗಜಕರ್ಣಕ್ಕೆ ಕ್ಷ-ಕಿರಣ ಕೊಟ್ಟಿದ್ದ ಹತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳ ಲೆಕ್ಕದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಂಡಿತು. ಕ್ಷುಲ್ಲಕ ಬೇನೆಗೆ ದೊಡ್ಡ ಬೆಲೆ ಬಿದ್ದಿತ್ತು. ಬೆಲೆಯ ಚೀಟಿ ಬಂದದ್ದು ಮಾತ್ರ ಹತ್ತಾರು ವರ್ಷ ತಡವಾಗಿ.

ನಮಗೆ ಈ ಲೆಕ್ಕ ನಮ್ಮ ಕಸುಬಿನ ಮೂಲಕವೇ ತಿಳಿಯಿತೆನ್ನಬೇಕು. ಕಿರಣ ಚಿಕಿತ್ಸೆಯೆಂಬುದು ಸಾಲ. ಇವತ್ತಿನ ಅಡಚಣೆ ಇವತ್ತೇ ನೀಗುತ್ತದೆ. ಬಡ್ಡಿ ಮಾತ್ರ ಇಪ್ಪತ್ತು-ಮೂವತ್ತು ವರ್ಷಗಳ ಮೇಲೆ ಬರಬಹುದು, ಬರದೆಯೂ ಇರಬಹುದು. ಎಪ್ಪತ್ತರ ಮುದುಕರಿಗೆ ಆ ಬಡ್ಡಿಯ ಚಿಂತೆ ಅಷ್ಟಿಲ್ಲ. ಕ್ಯಾನ್ಸರ್ ಆದವನಿಗೆ ಮನೆಗೆ ಬೆಂಕಿ ಬಿದ್ದಂತೆ. ಬಡ್ಡಿಯ ದರ ಕೇಳುತ್ತ ನಿಲ್ಲುವ ಹಾಗಿಲ್ಲ. ಆದರೆ ಹದಿನಾರು ವರ್ಷದ, ಕ್ಯಾನ್ಸರ್ ಇಲ್ಲದ ಹುಡುಗನ ಹೆಸರಿನಲ್ಲಿ ಸಾಲ ಎತ್ತುವಾಗ, ಕೈಯಲ್ಲಿದ್ದ ರೊಕ್ಕದಲ್ಲಿ, ಅಂದರೆ ಶಸ್ತ್ರಕ್ರಿಯೆಯಲ್ಲಿ, ಕೆಲಸ ಮುಗಿಯುವುದೇ ಎಂದು ಮೊದಲು ನೋಡಬೇಕು. ಅದಕ್ಕಾಗಿಯೇ ವೈದ್ಯರು ಮೊದಲು ಕತ್ತರಿ ಹಿಡಿದದ್ದು, ಆಮೇಲೆ ಒಂದು ವರ್ಷ ಕಾದದ್ದು. ಈಗ ಆ ದಾರಿ ಮುಗಿದಿತ್ತು. ಮತ್ತೆ ಕತ್ತರಿಸಿದರೆ ಜೀವಕ್ಕೆ ಅಪಾಯ, ಸುಮ್ಮನಿದ್ದರೆ ಕಣ್ಣಿಗೆ ಅಪಾಯ.

ಕಿರಣದಿಂದ ಈ ಗಡ್ಡೆ ನಿಲ್ಲುವುದೆಂಬುದಕ್ಕೆ ಆಧಾರವೇನು ಎಂದು ನಾವು ಕೇಳದೆ ಬಿಡಲಿಲ್ಲ. ಕೆನಡಾದ ಟೊರಾಂಟೊ ನಗರದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯವರು, ಬೇರೆಯವರು ಕತ್ತರಿ ಹಿಡಿಯುತ್ತಿದ್ದ ಕಾಲದಲ್ಲಿ, ಇದೇ ಗಡ್ಡೆಗೆ ಮೊದಲಿನಿಂದಲೇ ಕಿರಣವನ್ನು ಕೊಟ್ಟವರು. 1984ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 55 ರೋಗಿಗಳಿದ್ದಾರೆ. ಮೂರು ವಾರಗಳಲ್ಲಿ 30ರಿಂದ 35 ಗ್ರೇ ಕಿರಣ ಕೊಟ್ಟು, ನೂರಕ್ಕೆ ಎಂಬತ್ತರಷ್ಟು ಜನರಲ್ಲಿ ಗಡ್ಡೆಯನ್ನು ಒಂದೇ ಸರದಿಯಲ್ಲಿ ಹಿಡಿತಕ್ಕೆ ತಂದರು. (ಗ್ರೇ ಎಂಬುದು ಸೇರು, ಕಿಲೋ ಇದ್ದಂತೆ ಕಿರಣದ ಅಳತೆ.) ಅದೇ ಲೆಕ್ಕದಲ್ಲಿ ಬಡ್ಡಿಯ ಬಾಬೂ ಇದೆ: 55 ಜನರಲ್ಲಿ ಇಬ್ಬರಿಗೆ ಮುಂದೆ ಬೇರೆ ಕ್ಯಾನ್ಸರ್ ಬಂತು, ಒಬ್ಬರಿಗೆ ಥೈರಾಯ್ಡಿನಲ್ಲಿ, ಒಬ್ಬರಿಗೆ ಚರ್ಮದಲ್ಲಿ. ಎರಡೂ ಸಂಖ್ಯೆಗಳನ್ನು ವೈದ್ಯರು ಒಂದೇ ಕಾಗದದ ಮೇಲೆ ಬರೆದು ಭಾವನವರ ಮುಂದಿಟ್ಟರು. ಇಂಥ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಜೊತೆಗೆ ಅವರು ಹೇಳಿದ್ದು: ಮೂಗು-ಸೈನಸ್ಸಿನ ಕ್ಯಾನ್ಸರಿಗೆ 60ರಿಂದ 70 ಗ್ರೇ ಬೇಕಾಗುತ್ತದೆ, ಇದಕ್ಕೆ ಸುಮಾರು ಅದರ ಅರ್ಧ ಸಾಕು, ಕಣ್ಣಿನ ನರ ತಾಳುವ ಮಿತಿ 50ರ ಆಸುಪಾಸಿನಲ್ಲಿದೆ, ನಾವು ಅದರ ಕೆಳಗೇ ಇರುತ್ತೇವೆ, ಕಣ್ಣಿನ ಮಸೂರ ಮಾತ್ರ ಬಹಳ ನಾಜೂಕು, ಸ್ವಲ್ಪಕ್ಕೇ ಪೊರೆ ಬರಬಹುದು, ಆದ್ದರಿಂದ ಕಿರಣವನ್ನು ಅದರಿಂದ ತಪ್ಪಿಸಿ ನಡೆಸಬೇಕು.

ತಪ್ಪಿಸಿ ನಡೆಸುವ ವಿದ್ಯೆ ಈಗ ಬಹಳ ಮುಂದುವರಿದಿದೆ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂದಾಗ ಅದೇ ದೊಡ್ಡ ಸುಧಾರಣೆಯಾಗಿತ್ತು. ಈಗ ಲೀನಿಯರ್ ಆಕ್ಸಲರೇಟರ್ ಎಂಬ ಯಂತ್ರ ಹುಡುಗನ ತಲೆಯ ಸುತ್ತ ತಿರುಗುತ್ತ, ಹಲವು ದಿಕ್ಕುಗಳಿಂದ ತೆಳುವಾದ ಕಿರಣಗಳನ್ನು ಬಿಡುತ್ತದೆ. ಎಲ್ಲ ಕೂಡುವ ಜಾಗದಲ್ಲಿ ಮಾತ್ರ ಪೂರ್ಣ ಪ್ರಮಾಣ ಬೀಳುತ್ತದೆ. ಕಿರಣದ ಬಾಯಿಯಲ್ಲಿ ಎಲೆಗಳಂಥ ಲೋಹದ ಪಟ್ಟಿಗಳಿದ್ದು, ಗಡ್ಡೆಯ ಆಕಾರಕ್ಕೆ ತಕ್ಕಂತೆ ಸರಿಯುತ್ತವೆ. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಪ್ರೋಟಾನ್ ಚಿಕಿತ್ಸೆ. ಗಡ್ಡೆಯನ್ನು ದಾಟಿ ಆಚೆ ಹೋಗುವ ಕಿರಣ ಅದರಲ್ಲಿ ಬಹಳ ಕಡಿಮೆ. ಚೆನ್ನೈಯಲ್ಲಿ 2019ರಲ್ಲಿ ಒಂದು ಖಾಸಗಿ ಕೇಂದ್ರ, ಟಾಟಾ ಸ್ಮಾರಕ ಸಂಸ್ಥೆಯವರ ಖಾರ್ಘರ್ ಕೇಂದ್ರದಲ್ಲಿ 2023ರಲ್ಲಿ ಇನ್ನೊಂದು ಆರಂಭವಾದವು. ನಮಗೆ ಕಿರಣ ಬೇಕಾದಾಗ ಖಾರ್ಘರಿನದು ಇನ್ನೂ ತೆರೆದಿರಲಿಲ್ಲ, ಚೆನ್ನೈಯ ಖರ್ಚು ಲಿಂಬೆಯ ತೋಟ ತಾಳುವಂಥದಲ್ಲ.

ಭಾವ ಕಾಗದಕ್ಕೆ ಸಹಿ ಹಾಕಲು ಹನ್ನೊಂದು ದಿನ ತೆಗೆದುಕೊಂಡರು. ಅಕ್ಕ ಬೇಡವೆಂದೇ ಹೇಳುತ್ತಿದ್ದಳು. ನಾವು ಹೇಳಿದ್ದು ಸರಿಯೋ ತಪ್ಪೋ ಎಂದು ಹನ್ನೊಂದು ರಾತ್ರಿ ನಾವೂ ಮಲಗಲಿಲ್ಲ. ಏಕೆಂದರೆ ನಾಳೆ ಏನಾದರೂ ಆದರೆ "ನಿನ್ನ ಮಾತು ಕೇಳಿದ್ವಿ" ಎಂಬ ಒಂದು ಮಾತು ತೌರಿನ ಸಂಬಂಧವನ್ನೇ ಕಡಿಯಬಲ್ಲುದು. ಕೊನೆಗೆ ತೀರ್ಮಾನ ಮಾಡಿದವನು ಹುಡುಗನೇ. "ಮಾಮಾ, ಎಡಗಣ್ಣ ಮುಚ್ಚಿದ್ರ ಬೋರ್ಡ್ ಪೂರಾ ಕಾಣ್ತದ, ಬಲಗಣ್ಣ ಮುಚ್ಚಿದ್ರ ಅಂಚ ಕಾಣಂಗಿಲ್ಲ. ಕರೆಂಟ್ ತಗೋತೀನಿ, ಪರೀಕ್ಷಾ ಮುಗೀಲಿ" ಎಂದ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಏಪ್ರಿಲ್ ಮಧ್ಯಕ್ಕೆ ಮುಗಿಯಿತು. ಮೊದಲು ಹಲ್ಲಿನ ವೈದ್ಯರಲ್ಲಿಗೆ ಕಳಿಸಿದರು. ಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕೀಳುವುದು ಒಳ್ಳೆಯದಲ್ಲವೆಂದು, ಹುಳುಕು ಹಲ್ಲುಗಳ ವ್ಯವಸ್ಥೆ ಮೊದಲೇ ಆಗಬೇಕಂತೆ. ನಂತರ ಬಿಸಿನೀರಿನಲ್ಲಿ ಮೆತ್ತಗಾಗುವ ಒಂದು ಜಾಳಿಗೆಯ ಹಾಳೆಯನ್ನು ಮುಖದ ಮೇಲೆ ಒತ್ತಿ ಮುಖವಾಡ ಮಾಡಿದರು. ಅದನ್ನು ಮೇಜಿಗೆ ಬಿಗಿದರೆ ತಲೆ ಕೂದಲೆಳೆಯಷ್ಟೂ ಅಲುಗದು. ದಿನಕ್ಕೆ 1.8 ಗ್ರೇ, ವಾರಕ್ಕೆ ಐದು ದಿನ, ಇಪ್ಪತ್ತು ಸರದಿ. ಒಟ್ಟು 36 ಗ್ರೇ. ಮೇಜಿನ ಮೇಲೆ ಇರುವುದು ಹತ್ತು-ಹದಿನೈದು ನಿಮಿಷ. ಸುಡುವುದಿಲ್ಲ, ನೋಯುವುದಿಲ್ಲ, ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ನಮ್ಮ ಮನೆಯವರು ಅವನನ್ನು ಪಿ.ಎಂ.ಪಿ. ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು, ಮಧ್ಯಾಹ್ನ ನಾವು ಬ್ಯಾಂಕಿನಿಂದ ಫೋನು ಮಾಡಿ ಇವತ್ತಿಗೆ ಎಷ್ಟನೆಯದು ಎಂದು ಕೇಳಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆವು.

ಮೂರನೆಯ ವಾರದಿಂದ ಕಷ್ಟ ಕಾಣಿಸಿಕೊಂಡಿತು. ಬಾಯಿಯ ಮೇಲ್ಭಾಗ ಹುಣ್ಣಾಯಿತು, ನಾಲಿಗೆಗೆ ರುಚಿ ಹೋಯಿತು, ಮೂಗಿನಲ್ಲಿ ಹಕ್ಕಳೆ ಕಟ್ಟತೊಡಗಿತು. ಅಕ್ಕ ಊರಿನಿಂದ ಕಟ್ಟಿ ಕಳಿಸಿದ್ದ ಕಡಕ್ ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ. ಮೊಸರನ್ನ, ಗಂಜಿ, ಬಾಳೆಹಣ್ಣು ಇಷ್ಟೇ. ದಿನಕ್ಕೆ ನಾಲ್ಕು ಸಲ ಉಪ್ಪುನೀರಿನಿಂದ ಮೂಗು ತೊಳೆಯಬೇಕಿತ್ತು. ಕಿವಿಯ ಹಿಂದೆ ಒಂದು ರೂಪಾಯಿಯ ಅಗಲದಷ್ಟು ಕೂದಲು ಉದುರಿ ಆಮೇಲೆ ಬಂತು. ಇವೆಲ್ಲ ಒಂದೆರಡು ತಿಂಗಳಲ್ಲಿ ಸರಿಹೋದವು. ವಾಸನೆ ಮಾತ್ರ ಪೂರ್ತಿ ಮರಳಿಲ್ಲ.

ಮನೆಯೊಳಗಿನ ಒಂದು ಮಾತನ್ನೂ ಹೇಳುತ್ತೇವೆ, ಬೇರೆಯವರ ಮನೆಯಲ್ಲಿಯೂ ಹೀಗೆ ಆಗುತ್ತಿರಬಹುದು. ನಮ್ಮ ತಾಯಿಯವರು ಮೊದಲ ವಾರ ಹುಡುಗನ ತಾಟು-ಹಾಸಿಗೆ ಬೇರೆ ಮಾಡಿ, ನಮ್ಮ ಮೂರು ವರ್ಷದ ಮಗಳನ್ನು ಅವನ ಹತ್ತಿರ ಬಿಡದೆ ಇದ್ದರು. ಮೈಯಲ್ಲಿ ಕರೆಂಟು ಇರುತ್ತದೆ, ಕೂಸಿಗೆ ತಾಗುತ್ತದೆಂದು ಅವರ ಅಂಜಿಕೆ. ಹುಡುಗ ಮಾತಾಡಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ. ವೈದ್ಯರಿಗೆ ಹೇಳಿದಾಗ ಅವರು ತಾಯಿಯವರನ್ನೇ ಕರೆಸಿ, ಕೋಣೆಯ ದೀಪ ಹಚ್ಚಿ ಆರಿಸಿ ತೋರಿಸಿದರು: "ಆಜೀ, ದೀಪ ಆರಿದ ಮೇಲೆ ಗೋಡೆಯೊಳಗೆ ಬೆಳಕು ಉಳಿಯಿತೇನು? ಇದೂ ಹಾಗೆಯೇ." ಹೊರಗಿನ ಯಂತ್ರದಿಂದ ಕೊಡುವ ಕಿರಣ ಯಂತ್ರ ನಿಂತೊಡನೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಂದು ಸಂಜೆ ತಾಯಿಯವರು ಒಂದೇ ತಾಟಿನಲ್ಲಿ ಇಬ್ಬರಿಗೂ ಮೊಸರನ್ನ ಕಲಸಿ ತಿನ್ನಿಸಿದರು.

ದುಡ್ಡಿನ ಮತ್ತು ದಾರಿಯ ವಿಷಯ ಚಿಕ್ಕದಾಗಿ ಹೇಳುತ್ತೇವೆ, ಏಕೆಂದರೆ ಎರಡು ರಾಜ್ಯಗಳ ನಡುವೆ ಬದುಕುವ ನಮ್ಮಂಥವರು ಎಡವುವುದು ಇಲ್ಲಿಯೇ. ಮಹಾರಾಷ್ಟ್ರ ಸರಕಾರದ ಆರೋಗ್ಯ ಯೋಜನೆ ಮಹಾರಾಷ್ಟ್ರದ ನಿವಾಸಿಗಳಿಗೆ, ಕರ್ನಾಟಕದ ಯೋಜನೆ ಕರ್ನಾಟಕದವರಿಗೆ. ರೋಗಿಯ ಪಡಿತರ ಚೀಟಿ ಯಾವ ಊರಿನದು, ಆ ಚೀಟಿಗೆ ಯಾವ ಆಸ್ಪತ್ರೆಯಲ್ಲಿ ಬೆಲೆಯಿದೆ ಎಂಬುದನ್ನು ಗಾಡಿ ಹತ್ತುವ ಮೊದಲೇ ವಿಚಾರಿಸಬೇಕು. ಕಿರಣ ಚಿಕಿತ್ಸೆಗೆ ಎಲ್ಲರೂ ಪುಣೆಗೋ ಮುಂಬಯಿಗೋ ಬರಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ವಿಜಯಪುರ-ಕಲಬುರಗಿ ಕಡೆಯವರಿಗೆ ಸೋಲಾಪುರ ಜಿಲ್ಲೆಯ ಬಾರ್ಶಿಯ ಆಸ್ಪತ್ರೆಯೂ, ಬೆಳಗಾವಿಯವರಿಗೆ ಮಿರಜವೂ ಹತ್ತಿರ. ಆದರೆ ಈ ನಿರ್ದಿಷ್ಟ ಗಡ್ಡೆಯ ವಿಷಯದಲ್ಲಿ ಮೂಗಿನ ಶಸ್ತ್ರವೈದ್ಯ, ರಕ್ತನಾಳ ಬಂದುಮಾಡುವವರು, ಕಿರಣವೈದ್ಯ, ಕಣ್ಣಿನವರು ಇವರೆಲ್ಲ ಕೂಡಿ ಕುಳಿತು ತೀರ್ಮಾನಿಸುವಂಥ ಜಾಗವೇ ಬೇಕು. ಹೊರಗೆ 'ಕ್ಯಾನ್ಸರ್ ಆಸ್ಪತ್ರೆ' ಎಂಬ ಫಲಕ ಕಂಡು ಗಾಬರಿಯಾಗಬಾರದು. ಕಿರಣದ ಯಂತ್ರ ಇರುವುದು ಹೆಚ್ಚಾಗಿ ಅಲ್ಲಿಯೇ.

ಫಲವೇನಾಯಿತೆಂದು ತಾವು ಕೇಳುವಿರಿ. ಕಿರಣದ ಕೆಲಸ ಕತ್ತರಿಯಂತೆ ತಟ್ಟನೆ ಕಾಣುವುದಿಲ್ಲ. ಅದು ಗಡ್ಡೆಯ ಜೀವಕೋಶಗಳ ಬೆಳೆಯುವ ಶಕ್ತಿಯನ್ನು ಕೆಡಿಸುತ್ತದೆ; ಅದರ ರಕ್ತನಾಳಗಳು ಮೆಲ್ಲಮೆಲ್ಲನೆ ಮುಚ್ಚಿಕೊಂಡು, ಗಡ್ಡೆ ತಿಂಗಳುಗಟ್ಟಲೆ, ಎರಡು ಮೂರು ವರ್ಷಗಳವರೆಗೂ, ಒಣಗುತ್ತ ಹೋಗುತ್ತದೆ. ಮೊದಲ ನಾಲ್ಕು ತಿಂಗಳ ಚಿತ್ರದಲ್ಲಿ ಏನೂ ವ್ಯತ್ಯಾಸ ಕಾಣದೆ ಭಾವ ನಮ್ಮೊಡನೆ ಮಾತೇ ಬಿಟ್ಟಿದ್ದರು. 2024ರಲ್ಲಿ ಸ್ವಲ್ಪ ಕುಗ್ಗಿತು. ಈ ವರ್ಷದ, ಎಂದರೆ 2025ರ, ಜೂನ್ ತಿಂಗಳ ಚಿತ್ರದಲ್ಲಿ ಅದು ಅರ್ಧಕ್ಕಿಂತ ಕಡಿಮೆಯಾಗಿ, ಕಣ್ಣಿನ ನರವನ್ನು ಬಿಟ್ಟು ಈಚೆ ಸರಿದಿದೆ. ರಕ್ತ ಸೋರುವುದು ನಿಂತು ಎರಡೂವರೆ ವರ್ಷವಾಯಿತು. ಎಡಗಣ್ಣಿನ ಅಂಚು ಹೋದಷ್ಟು ಹೋಗಿ ನಿಂತಿದೆ, ಮರಳಿ ಬಂದಿಲ್ಲ.

ಬಡ್ಡಿಯ ಲೆಕ್ಕ ಇನ್ನು ಮುಂದಿನದು. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಕಿರಣದ ದಾರಿಗೆ ಹತ್ತಿರವಾದ್ದರಿಂದ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಥೈರಾಯ್ಡಿನ ಪರೀಕ್ಷೆ, ಕಣ್ಣಿನ ಪೊರೆಗಾಗಿ ಕಣ್ಣಿನ ವೈದ್ಯರು, ಹಲ್ಲುಗಳಿಗೆ ಫ್ಲೋರೈಡು. ಇದೆಲ್ಲ ಎಷ್ಟು ವರ್ಷ ಎಂದು ಕೇಳಿದೆವು. ಅವನು ಇರುವವರೆಗೆ, ಎಂದರು ವೈದ್ಯರು. ಅವನ ನಲವತ್ತನೆಯ ವಯಸ್ಸಿನಲ್ಲಿ, ಯಾವುದೋ ಊರಿನಲ್ಲಿ, ಯಾವನೋ ಹೊಸ ವೈದ್ಯ ಇವನ ಕೊರಳಿನಲ್ಲಿ ಒಂದು ಗಂಟು ನೋಡಿ, "ಚಿಕ್ಕಂದಿನಲ್ಲಿ ಕಿರಣ ತಗೊಂಡಿದ್ದಿರಾ? ಎಷ್ಟು? ಯಾವ ಜಾಗಕ್ಕೆ?" ಎಂದು ಕೇಳುತ್ತಾನಂತೆ. ಆ ದಿನ ಉತ್ತರ ಕಾಗದದ ಮೇಲೆ ಇರಬೇಕು. ಆಸ್ಪತ್ರೆಗಳು ಅಷ್ಟು ವರ್ಷ ದಫ್ತರ ಇಡುತ್ತವೆಂದು ನಂಬಿ ಕೂಡುವ ಹಾಗಿಲ್ಲ. ನಾವೂ ಬಾಡಿಗೆಯ ಮನೆ ಬದಲಿಸುವವರು. ಪ್ರತಿ ಸಲ ಒಂದು ಟ್ರಂಕಿನಷ್ಟು ಕಾಗದ ರದ್ದಿಯವನ ಪಾಲಾಗುತ್ತದೆ.

ಅದಕ್ಕೆ ಬ್ಯಾಂಕಿನಲ್ಲಿ ಗಿರವಿಪತ್ರಕ್ಕೆ ಮಾಡುವಂತೆಯೇ ಮಾಡಿದ್ದೇವೆ. ಕಿರಣದ ಪ್ರಮಾಣ, ತಾರೀಖು, ಸರದಿ, ಜಾಗದ ನಕ್ಷೆ ಇರುವ ಚಿಕಿತ್ಸಾ ಸಾರಾಂಶವನ್ನು ಆಸ್ಪತ್ರೆಯ ಮುದ್ರೆಯೊಡನೆ ಪಡೆದು ಮೂರು ಪ್ರತಿ ತೆಗೆಸಿದೆವು. ಒಂದು ಇಂಡಿಯಲ್ಲಿ ಅಕ್ಕನ ಟ್ರಂಕಿನಲ್ಲಿ, ಹೊಲದ ಉತಾರೆಯ ಜೊತೆಗಿದೆ. ಒಂದು ನಮ್ಮಲ್ಲಿದೆ. ಮೂರನೆಯದು ಹುಡುಗನ ಹತ್ತಿರ. ಅದರ ಫೋಟೋ ಅವನ ಮೊಬೈಲಿನಲ್ಲಿಯೂ ಇದೆ. ಜಾಳಿಗೆಯ ಮುಖವಾಡವನ್ನೂ ಅವನು ಕೇಳಿ ಇಸಿದುಕೊಂಡು ಹೋಗಿ, ಕೋಣೆಯ ಗೂಟಕ್ಕೆ ತೂಗುಹಾಕಿದ್ದಾನೆ. ಅಕ್ಕನಿಗೆ ಅದನ್ನು ಕಂಡರೆ ಆಗುವುದಿಲ್ಲ, ತೆಗೆಯಲೂ ಮನಸ್ಸಾಗುವುದಿಲ್ಲ.

ಈಗ ಅವನು ವಿಜಯಪುರದಲ್ಲಿ ಬಿ.ಕಾಂ. ಮೊದಲನೆಯ ವರ್ಷದಲ್ಲಿದ್ದಾನೆ. ಮುಂದಿನ ಚಿತ್ರ ಡಿಸೆಂಬರಿನಲ್ಲಿದೆ. ಸೋಲಾಪುರಕ್ಕೆ ಬಂದು ಬೆಳಗಿನ ಹುತಾತ್ಮಾ ಹತ್ತುತ್ತೇನೆ, ಸ್ಟೇಶನ್ನಿಗೆ ಬರುವುದು ಬೇಡ, ದಾರಿ ಗೊತ್ತಿದೆ ಎಂದು ಬರೆದಿದ್ದಾನೆ.